ಸಿಲಿಂಡರ್ ಮುಚ್ಚುವುದು ಯಾವ ಕಡೆಗೆ, ಸ್ವಾಮಿ?

ಡಿಜಿಟಲ್ ಪಾಠಗಳ ಗುಣಮಟ್ಟ ಅಳೆಯುವ ಮಾನ್ಯ ಅಧಿಕಾರಿಗಳೇ,

ತಾವು ಐದು ನಕ್ಷತ್ರ ಕೊಟ್ಟು ಹರಸಿದ ವಿಡಿಯೋ ಪಾಠವೊಂದು ತಪ್ಪು ಕಲಿಸುತ್ತಿದೆ. ಸರಿ ಉತ್ತರ ಬರೆದ ನನ್ನ ಹೆಂಡತಿ ಅದರಿಂದಲೇ ಫೇಲಾಗಿದ್ದಾಳೆ.

ಆಕೆ ಆಸ್ಪತ್ರೆಯ ವಾರ್ಡಿನಲ್ಲಿ ತಾತ್ಕಾಲಿಕ ಸಹಾಯಕಿ. ಕೆಲಸ ಉಳಿಯಬೇಕಾದರೆ ತಮ್ಮ ಆನ್‌ಲೈನ್ ಕೋರ್ಸು ಪಾಸಾಗಬೇಕು. ಆಕ್ಸಿಜನ್ ಸಿಲಿಂಡರಿನ ಪಾಠ ನೋಡುತ್ತಿದ್ದವಳು ಅಡುಗೆಮನೆಯಿಂದ ಕೂಗಿದಳು. "ರೀ, ಇಲ್ಬನ್ನಿ. ಈ ಮೇಷ್ಟ್ರು ಮುಚ್ತೀನಿ ಅಂತ ಎಡಕ್ಕೆ ತಿರುಗಿಸ್ತಿದಾರೆ. ನಾವು ದಿನಾ ಮುಚ್ಚೋದು ಬಲಕ್ಕೆ."

"ಎಡಚರಿರಬೇಕು ಬಿಡೇ."

"ಎಡಚರಾದ್ರೆ ಕೈ ಬದಲಾಗುತ್ತೆ, ಸಿಲಿಂಡರ್ ಬದಲಾಗುತ್ತಾ? ಬಿ.ಎ. ಮಾಡಿದೀರಂತೆ!"

ಕನ್ನಡಕ ಹಾಕಿ ನೋಡಿದೆ. ಮೇಷ್ಟ್ರ ಎದೆಯ ಮೇಲಿನ ಹೆಸರು, ಗೋಡೆಯ ಗಡಿಯಾರ, ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಯಾರೋ ಸೆಲ್ಫಿ ಕ್ಯಾಮೆರಾದಲ್ಲಿ ಚಿತ್ರೀಕರಿಸಿ ಹಾಗೆಯೇ ಏರಿಸಿಬಿಟ್ಟಿದ್ದಾರೆ. ಆಮೇಲೆ ಅಂಟಿಸಿದ ತಮ್ಮ ಲಾಂಛನವೊಂದೇ ನೆಟ್ಟಗೆ; ಉಳಿದದ್ದೆಲ್ಲ ಸೊಟ್ಟಗೆ.

ಸಹಾಯವಾಣಿಗೆ ಫೋನು ಮಾಡಿದೆ. "ಸಾರ್, ಅದು ಫೈವ್ ಸ್ಟಾರ್ ಪಾಠ," ಎಂದಿತು ಆ ಕಡೆಯ ಹೆಣ್ಣುದನಿ.

"ಸ್ಟಾರ್ ಕೊಟ್ಟೋರು ಪಾಠ ನೋಡಿದಾರೇನಮ್ಮ?"

"ಪಿಕ್ಚರ್ ಕ್ಲಿಯರ್ ಇದೆಯಾ, ಸೌಂಡ್ ಬರುತ್ತಾ, ಲೋಗೋ ಇದೆಯಾ ನೋಡ್ತಾರೆ ಸಾರ್. ಒಳಗೇನಿದೆ ಅನ್ನೋದು ನಮ್ಮ ವಿಭಾಗಕ್ಕೆ ಬರಲ್ಲ."

ಮತ್ತೆ ಯಾವ ವಿಭಾಗಕ್ಕೆ ಬರುತ್ತದೆ, ಸ್ವಾಮಿ? ಶವಾಗಾರಕ್ಕೆ? ಬಣ್ಣ ಕಂಡಿರಿ, ಬನಿ ಕಾಣಲಿಲ್ಲ. ಸದ್ದು ಕೇಳಿದಿರಿ, ಸುಳ್ಳು ಕೇಳಿಸಲಿಲ್ಲ. ಪರೀಕ್ಷೆಯ ಉತ್ತರಸೂಚಿಯೂ ಅದೇ ಪಾಠ ನೋಡಿ ತಯಾರಾದದ್ದಂತೆ. ಹಾಗಾಗಿ ಬಲಕ್ಕೆ ಎಂದವಳು ಒಂದೇ ಅಂಕದಲ್ಲಿ ಬಿದ್ದಳು, ಎಡಕ್ಕೆ ಎಂದವರು ಎದ್ದರು. ಎದ್ದವರಲ್ಲಿ ಸಿಲಿಂಡರನ್ನು ಪರದೆಯ ಮೇಲಷ್ಟೇ ಕಂಡ ಹೊಸಬರೂ ಇದ್ದಾರೆ. ಅವರು ನಾಳೆ ವಾರ್ಡಿನಲ್ಲಿ ವಾಲ್ವು ತೆರೆಯಲೆಂದು ಬಲಕ್ಕೆ ತಿರುಗಿಸಿ ಬಿಗಿಯಾಗಿ ಮುಚ್ಚಿಬಿಟ್ಟರೆ, ಉಸಿರಿಗಾಗಿ ಬಾಯಿಬಿಡುವ ರೋಗಿಗೆ ತಮ್ಮ ನಕ್ಷತ್ರಗಳನ್ನು ತೋರಿಸುತ್ತೀರಾ?

ಸೋಮವಾರ ಮರುಪರೀಕ್ಷೆ. ಪಾಠ ಅದೇ, ಉತ್ತರಸೂಚಿ ಅದೇ. ಈ ಸಲ ಬಿದ್ದರೆ ಕೆಲಸವೂ ಹೋಯಿತು. ನಿನ್ನೆ ನಾನೇ ಗೋಗರೆದೆ: "ಒಂದ್ಸಲ ಎಡಕ್ಕೆ ಅಂತ ಬರೆದ್ಬಿಡೇ. ಕಾಗದದ ಮೇಲೆ ತಾನೇ?"

"ಬರೀಬಹುದು ರೀ. ಆಮೇಲೆ ಹೊಸ ಹುಡುಗೀರು ತಪ್ಪು ತಿರುಗಿಸ್ದಾಗ ಬೈಯೋಕೆ ನಂಗೆ ಯಾವ ಬಾಯಿರುತ್ತೆ?"

ಅದಕ್ಕೇ ಈ ಪತ್ರ. ಸೋಮವಾರದೊಳಗೆ ಆ ಪಾಠ ತೆಗೆಯಿರಿ, ಉತ್ತರಸೂಚಿ ತಿದ್ದಿ, ಆಕೆಗೆ ಸಲ್ಲಬೇಕಾದ ಅಂಕ ಸಲ್ಲಿಸಿ. ಎಡಕ್ಕೆ ಎಂದು ಪಾಸಾದವರನ್ನು ಕರೆಸಿ ನಿಜವಾದ ಸಿಲಿಂಡರಿನ ಮುಂದೆ ನಿಲ್ಲಿಸಿ. ಇನ್ನು ಮುಂದೆ ಪಾಠದಲ್ಲಿರುವ ಕೆಲಸವನ್ನು ದಿನಾ ಮಾಡುವವರೊಬ್ಬರು ಪೂರ್ತಿ ನೋಡಿ ಒಪ್ಪದೆ ಯಾವ ಪಾಠಕ್ಕೂ ನಕ್ಷತ್ರ ಕೊಡಬೇಡಿ.

ಇದಾವುದೂ ಆಗದಿದ್ದರೆ, ಸೋಮವಾರವೂ ಆಕೆ ಬಲಕ್ಕೆ ಎಂದೇ ಬರೆಯುತ್ತಾಳೆ. ಫೇಲು ಮಾಡುವುದಾದರೆ, ಈ ಸಲ ಫಲಿತಾಂಶದ ಕೆಳಗೆ ತಮ್ಮ ಸಹಿ ಹಾಕಿ ಮಾಡಿ.

ಇಂತಿ,
ಎರಡನೇ ಸಲ ಫೇಲಾಗಲು ತಯಾರಾಗಿ ಕೂತವಳ ಗಂಡ