ಬಂಗಲೆಯಲ್ಲಿ ಬೆಳಗಿನವರೆಗೆ ಬದುಕುವ ಬಗೆ

ಬಿಳಿಚೋಡು
19 ಜನವರಿ 2025, ಭಾನುವಾರ

ಇಲಿಯಾಸ್ ಅವರಿಗೆ ತಸ್ಲೀಮ್ ಮಾಡುವ ಸಲಾಂ.

ನಾನು ಆರಾಮಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ, ನೀವು ಕಂಪ್ಯೂಟರ್ ಆಟ ಆಡಿ ತೋರಿಸುವ ಲೈವ್ ತಪ್ಪದೆ ನೋಡುತ್ತೇನೆ. ಬೇರೆ ಹೆಸರಿನಲ್ಲಿ ಬಂದು ಕೂರುತ್ತೇನೆ, ಹುಡುಕಿ ಸುಸ್ತಾಗಬೇಡಿ. ನಾನು ಮನೆ ಬಿಟ್ಟ ಮೇಲೆ ಆ ಬಂಗಲೆ ಆಟದಲ್ಲಿ ನೀವು ಒಂದು ಸಲವೂ ಬೆಳಗು ಕಂಡಿಲ್ಲ. ಮೊನ್ನೆ ಅಡುಗೆಮನೆ ಬಾಗಿಲಲ್ಲೇ ‘ಅದು’ ನಿಮ್ಮನ್ನು ಹಿಡಿದು ತಿಂದಾಗ ನನ್ನ ಹೊಟ್ಟೆ ಎಷ್ಟು ತಣ್ಣಗಾಯಿತೆಂದರೆ, ಎದ್ದು ಹೋಗಿ ಏಲಕ್ಕಿ ಹಾಕಿ ಚಹಾ ಮಾಡಿಕೊಂಡು ಕುಡಿದೆ.

ನಿಮ್ಮ ನಂಬರ್ ಬ್ಲಾಕ್ ಮಾಡಿದ್ದೇನೆಂದು ಪಾಪ ನಿಮ್ಮ ಮುಖ್ತಾರ್ ಚಾಚಾರನ್ನು ಚನ್ನಗಿರಿಯಿಂದ ಇಲ್ಲಿ ನನ್ನ ತವರಿಗೆ ಓಡಿಸಿದ್ದೀರಿ. ಆ ವಯಸ್ಸಿನಲ್ಲಿ ದಾವಣಗೆರೆಯಲ್ಲಿ ಬಸ್ಸು ಬದಲಿಸಿಕೊಂಡು, ಮಂಡಿ ನೋವೆನ್ನುತ್ತ ಬಂದರು. “ಶುಕ್ರವಾರ ಸಂಜೆ ಹೊನ್ನಾಳಿ ನಿಂಗರಾಜ್ ಜೊತೆ ನಮ್ಮ ಹುಡುಗಂದು ಪಂದ್ಯ ಐತಂತಮ್ಮ. ಊರೆಲ್ಲ ನೋಡಾಕೆ ಕುಂತೈತೆ. ಸೋತ್ರೆ ಅಂಗಡೀಲಿ ತಲೆ ಎತ್ತಾಕೆ ಆಗಲ್ಲ ಅಂತಾನೆ. ನಿಂಗೆ ಗೊತ್ತಿರೋದು ಒಂದು ಹಾಳೇಲಿ ಬರ್ಕೊಡು,” ಎಂದರು. ಆಟ ಎಂಥದ್ದೆಂದು ಕೇಳಿದ್ದಕ್ಕೆ ವಿವರಿಸಿದೆ. ಹಿಮ ಬಿದ್ದ ಕಾಡು, ಒಂದು ಹಾಳು ಬಂಗಲೆ, ಒಂದಿಷ್ಟು ಸೀಮೆಎಣ್ಣೆ, ಒಣಗಿದ ಬ್ರೆಡ್ಡು, ಬಾಗಿಲಿಗೆ ಹೊಡೆಯಲು ಹಲಗೆ. ಹೊರಗೆ ಹೆಸರಿಲ್ಲದ ‘ಅದು’ ಓಡಾಡುತ್ತಿರುತ್ತದೆ. ಇದ್ದಷ್ಟರಲ್ಲಿ ಬೆಳಗಾಗುವವರೆಗೆ ಸಾಯದೆ ಇರಬೇಕು. ಚಾಚಾ ಗಾಬರಿಯಾಗಿ, “ಇದನ್ನ ಬೇಕಂತ ಆಡ್ತಾರೇನಮ್ಮ?” ಎಂದರು.

ನಿಮ್ಮ ಮರ್ಯಾದೆಯ ಚಿಂತೆ ನಿಮಗೆ. ನನ್ನದು ಹೋದ ದಿನ ನೆನಪಿದೆಯೇ? ಕ್ಯಾಮೆರಾಕ್ಕೆ ಕಾಣದ ಹಾಗೆ ನಿಮ್ಮ ಪಕ್ಕದಲ್ಲೇ ಕೂತು, ದೀಪ ಆರಿಸ್ರಿ, ಮೆಟ್ಟಿಲ ಕಡೆ ಹೋಗಬ್ಯಾಡ್ರಿ ಎಂದು ಎಂದಿನಂತೆ ಹೇಳಿಕೊಡುತ್ತಿದ್ದೆ. ಲೈವ್ ನೋಡುತ್ತಿದ್ದವರು ಯಾರೋ, ಅದು ಯಾರ ದನಿ ಎಂದು ಕೇಳಿದರು. ನೀವು ನಕ್ಕು, “ಏನಿಲ್ಲ ಗುರು, ಮನೆ ಕೆಲಸಕ್ಕೆ ಬರೋ ಆಯಮ್ಮ. ಸುಮ್ನೆ ಏನೋ ಗೊಣಗ್ತಾಳೆ,” ಎಂದಿರಿ. ಆಮೇಲೆ ಕೇಳಿದರೆ, ಹೆಂಡತಿ ಮಾತು ಕೇಳಿ ಆಡುತ್ತಾನೆಂದು ಜನ ಆಡಿಕೊಳ್ಳುವುದಿಲ್ಲವೇ ಎಂದು ನನಗೇ ಗದರಿದಿರಿ. ಪಕ್ಕದ ಮನೆಗೆ ಕೆಲಸಕ್ಕೆ ಬರುವ ಹನುಮಂತಮ್ಮನನ್ನು ನೀವು ಹೆಸರು ಹಿಡಿದು ಕರೆಯುತ್ತೀರಿ. ನನಗೆ ಅಷ್ಟೂ ಸಿಗಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ಇಲ್ಲ.

ಆದರೂ ಚಾಚಾರ ಮಂಡಿಯ ಮುಖ ನೋಡಿ ಬರೆಯುತ್ತಿದ್ದೇನೆ. ಗಮನವಿಟ್ಟು ಓದಿ.

ಮೊದಲು ಎಣ್ಣೆ. ನೀರು ಬಿಟ್ಟ ದಿನ ಅಮ್ಮಿ ತುಂಬಿದ ಕೊಡಗಳನ್ನೆಲ್ಲ ಒಳಕೋಣೆಗೆ ಸೇರಿಸಿ, ಅರ್ಧ ಕೊಡ ಮಾತ್ರ ಹೊರಗಿಡುತ್ತಾಳೆ. ತುಂಬಿದ್ದು ಕಣ್ಣಿಗೆ ಬಿದ್ದರೆ ಮನೆಯವರ ಕೈ ಧಾರಾಳವಾಗುತ್ತದಂತೆ. ನಾನು ಆ ಆಟ ಕಲಿತದ್ದು ಇಲ್ಲಿಯೇ, ನಿಮ್ಮ ಕಂಪ್ಯೂಟರಿನ ಮುಂದಲ್ಲ. ಎಣ್ಣೆ ಡಬ್ಬಿಗಳನ್ನು ಅಟ್ಟದಲ್ಲಿಟ್ಟು, ಕೈಯಲ್ಲಿ ಅರ್ಧ ತುಂಬಿದ ಲಾಟೀನಷ್ಟೇ ಇಟ್ಟುಕೊಳ್ಳಿ. ಬಂಗಲೆಯ ಎಲ್ಲ ಕೋಣೆಗೂ ಮದುವೆಮನೆಯ ಹಾಗೆ ದೀಪ ಹಚ್ಚಬೇಡಿ, ಒಂದೇ ಕೋಣೆಯಲ್ಲಿ ಬದುಕಿ. ಹಾಗೆಂದು ಕೂಡಿಡುತ್ತಲೂ ಕೂರಬೇಡಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸವೆದ ಸ್ಕ್ರೂ ಕೂಡ ಮುಂದೆ ಬೇಕಾಗುತ್ತದೆಂದು ಡಬ್ಬಿಗೆ ಹಾಕಿಡುವವರು ನೀವು. ಆಟದಲ್ಲೂ ಚೀಲದ ತುಂಬ ಬ್ರೆಡ್ಡಿಟ್ಟುಕೊಂಡು ಹಸಿವಿನಿಂದ ಸತ್ತಿದ್ದೀರಿ. ಹಸಿವು ಅರ್ಧ ಏರಿದಾಗಲೇ ತಿನ್ನಿ.

ಹಿತ್ತಿಲಲ್ಲಿ ಒಂದು ಬಡಕಲು ನಾಯಿ ಇರುತ್ತದೆ. ಅದಕ್ಕೆ ಬ್ರೆಡ್ಡು ಹಾಕುವುದು ದಂಡ ಎಂದು ಪ್ರತಿ ಸಲ ಒದ್ದು ಓಡಿಸುತ್ತೀರಿ. ಹಾಕಿ. ‘ಅದು’ ಬರುವ ಮುಂಚೆ ನಾಯಿಯೇ ಬೊಗಳಿ ಹೇಳುತ್ತದೆ. ಎಚ್ಚರಿಸುವವರನ್ನು ಓಡಿಸಿ ಆಮೇಲೆ ಒದ್ದಾಡುವುದು ನಿಮಗೆ ಚಟವಾಗಿದೆ. ಹಲಗೆಗಳನ್ನು ಮುಂಬಾಗಿಲಿಗೆ ಹೊಡೆದು ಮುಗಿಸಬೇಡಿ, ಮೆಟ್ಟಿಲ ಬಾಗಿಲಿಗೆ ಹೊಡೆಯಿರಿ.

ಕಡೆಗೆ ‘ಅದು’ ನಿಮ್ಮ ದನಿಯಲ್ಲೇ ಹೊರಗಿನಿಂದ ಕರೆಯುತ್ತದೆ. ಉತ್ತರ ಕೊಡಬೇಡಿ. ಬೇರೆಯವರದನ್ನು ತನ್ನದೆಂದು ಆಡಿ ತೋರಿಸುವವರ ಪರಿಚಯ ನಿಮಗಿಂತ ಚೆನ್ನಾಗಿ ಯಾರಿಗಿದೆ? ಕರೆ ನಿಂತ ಮೇಲೆ ಲಾಟೀನು ಪೂರ್ತಿ ಆರಿಸಿ, ಮೇಜಿನ ಕೆಳಗೆ ಅಲ್ಲಾಡದೆ ಕೂತಿರಿ. ಬೆಳಗಾಗುತ್ತದೆ.

ಇಷ್ಟೇ. ಅಮ್ಮಿಯ ಕೈಯೂಟ ಚಾಚಾರಿಗೆ ಬಹಳ ಹಿಡಿಸಿದೆ. ಅವರನ್ನು ಶುಕ್ರವಾರ ಮಧ್ಯಾಹ್ನದ ಊಟ ಮಾಡಿಸಿಯೇ ಬಸ್ಸು ಹತ್ತಿಸುತ್ತೇನೆ. ಈ ಕಾಗದ ನಿಮ್ಮ ಕೈ ಸೇರುವಾಗ ಪಂದ್ಯ ಶುರುವಾಗುವ ಹೊತ್ತಾಗಿರುತ್ತದೆ. ಮೊದಲೇ ಕಳಿಸಬಹುದಿತ್ತಲ್ಲ ಎಂದು ಅವರ ಮೇಲೆ ರೇಗಬೇಡಿ. ಬೇಕೆಂದೇ ತಡ ಮಾಡಿದವಳು ನಾನು.

ನೀವು ಗೆಲ್ಲಲೆಂದು ದುವಾ ಮಾಡಲು ಕೂತೆ. ಮನಸ್ಸು ಬರಲಿಲ್ಲ.

ನಿಮ್ಮ ನಿಕಾಹ್ ಆದ ಹೆಂಡತಿ,
ತಸ್ಲೀಮ್

ಮತ್ತೊಂದು ಮಾತು: ಮೇಲೆ ಹೇಳಿಕೊಟ್ಟಿದ್ದರಲ್ಲಿ ಒಂದು ಸುಳ್ಳು. ಅದನ್ನು ಮಾಡಿದರೆ ಖಂಡಿತ ಸಾಯುತ್ತೀರಿ. ಆಡಿ ನೋಡಿ ತಿಳಿದುಕೊಳ್ಳಲು ನಿಮಗೆ ಸಮಯವಿಲ್ಲ. ಇಷ್ಟು ದಿನ ಆಟ ನಿಜವಾಗಿ ಆಡಿದವರು ಯಾರೋ ಅವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ. ನಿಮಗೆ ಗೊತ್ತಾಗದಿದ್ದರೆ ಒಂದು ದಾರಿ ಇದೆ. ಲೈವ್‌ನಲ್ಲೇ, ನಿಂಗರಾಜನೂ ಊರೂ ಕೇಳುವ ಹಾಗೆ, “ನನ್ನ ಹೆಂಡತಿ ತಸ್ಲೀಮ್ ನೋಡ್ತಾ ಇದ್ದಾಳೆ, ಈ ಆಟ ಆಡಿಸ್ತಿದ್ದದ್ದು ಅವಳೇ,” ಎಂದು ಹೇಳಿ, ಯಾವುದು ಸುಳ್ಳೆಂದು ನನ್ನನ್ನು ಕೇಳಿ. ನಾನು ನೋಡುತ್ತಿರುತ್ತೇನೆ. ಉತ್ತರ ಕೊಡುತ್ತೇನೆಂದು ಮಾತ್ರ ಹೇಳಿಲ್ಲ.