ಫಕೀರವ್ವನ ಹೆಬ್ಬೆಟ್ಟು, ಹುಲಿಗೆವ್ವನ ಹಟ

ಕೊಪ್ಪಳ ಸೀಮೆ
ಹದಿಮೂರನೆಯ ತಿಂಗಳ ಆರನೆಯ ದಿನ, 2157

ನೂರಾ ಮೂವತ್ತು ವರ್ಷದ ಹಿಂದಿನ ಹಿರಿಯರಿಗೆ,

ತಾರೀಖು ಕಂಡು ನಗಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಮುತ್ತಜ್ಜಿಯ ಕಾಗದಗಳನ್ನು ಓದಿ ಕಲಿತ ನಿಮ್ಮ ಕಾಲದ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಮಾತು ಎಡವಿದರೆ ಮನ್ನಿಸಿ. ಎರಡು ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅದಕ್ಕೇ ಈ ಪತ್ರ.

ನನ್ನ ಹೆಸರು ಚಂಪಾವತಿ, ವಯಸ್ಸು ಎಂಬತ್ತು. ಮುತ್ತಜ್ಜಿ ಹುಲಿಗೆವ್ವ ನಿಮ್ಮ ಕಾಲದವಳು, ಆಗ ಅವಳಿಗೆ ಇಪ್ಪತ್ತನಾಲ್ಕು. ಕ್ವಾರಿಯಲ್ಲಿ ಕಲ್ಲೊಡೆದು ಒಡೆದು ಅವಳ ತಾಯಿ ಫಕೀರವ್ವನ ಹೆಬ್ಬೆಟ್ಟಿನ ಗೆರೆಗಳೇ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವಳನ್ನು ಗುರುತಿಸಲಿಲ್ಲ. ಐದು ತಿಂಗಳು ಅಕ್ಕಿ ಸಿಗಲಿಲ್ಲ. ಹುಲಿಗೆವ್ವ ತಾಯಿಯನ್ನು ತಾಲ್ಲೂಕು ಕಚೇರಿಗೆ ಕರೆದೊಯ್ದಳು. ಬೆರಳು ಹೊಂದದಿದ್ದರೆ ತಮ್ಮಿಂದ ಏನೂ ಮಾಡಲಾಗದು ಎಂದರು ಅಧಿಕಾರಿ.

"ಸಾಹೇಬ್ರ, ನಿಮ್ಮ ಆಫೀಸಿನ ಪಾವಟಿಗಿ ಕಲ್ಲು ಒಡದಾಕಿ ನಮ್ಮವ್ವ," ಎಂದಳು ಹುಲಿಗೆವ್ವ. "ದಿನಾ ಅದನ್ನ ತುಳದು ಒಳಗ ಬರ್ತೀರಿ. ಆಕಿ ಗುರುತು ಇನ್ನೂ ಸಿಗವಲ್ದೇನ್ರಿ?"

ತಾಯಿ ಮಗಳು ಅದೇ ಮೆಟ್ಟಿಲ ಮೇಲೆ ಕೂತರು. ವಾರ ಕಳೆಯುವಷ್ಟರಲ್ಲಿ ಕ್ವಾರಿಯ ನಲವತ್ತು ಹೆಂಗಸರು ಬಂದು ಸೇರಿದರು. ಹತ್ತೊಂಬತ್ತನೆಯ ದಿನ, ಬೆರಳು ಹೊಂದದವರ ಹೆಸರನ್ನು ಕೈಯಲ್ಲಿ ಬರೆದುಕೊಂಡು ಅಕ್ಕಿ ಕೊಡಬೇಕೆಂದು ಆದೇಶವಾಯಿತು.

ಅಕ್ಕಿ ಹೊತ್ತು ಮರಳುವಾಗ ಊರ ಖಾನಾವಳಿಯಲ್ಲಿ ನೀರು ಕೇಳಿದರು. ಮಾಲೀಕ ಎಲ್ಲರನ್ನೂ ಹೊರಗೆ ನಿಲ್ಲಿಸಿ ಬೊಗಸೆಗೆ ಮೇಲಿಂದ ಸುರಿದ. ಹುಲಿಗೆವ್ವ ಒಳಗೆ ಹೋಗಿ ಬೆಂಚಿನ ಮೇಲೆ ಕೂತಳು. ಅಲ್ಲಿ ಬಿದ್ದ ಹೊಡೆತಕ್ಕೆ ಅವಳ ಎಡಗಿವಿ ಮತ್ತೆಂದೂ ಕೇಳಿಸಲಿಲ್ಲ. ಕೇಸು ಆರು ವರ್ಷ ನಡೆಯಿತು. ಕ್ವಾರಿಯ ಕೆಲಸ ಹೋದೀತೆಂಬ ಹೆದರಿಕೆಗೆ ಆ ನಲವತ್ತರಲ್ಲಿ ಮೂವತ್ತೇಳು ಮಂದಿ ಸಾಕ್ಷಿ ಹೇಳಲಿಲ್ಲ. ಕೇಸು ಬಿದ್ದುಹೋಯಿತು. ಅವರ ಮೇಲೆ ಸಿಟ್ಟು ಬರಲಿಲ್ಲವೇ ಎಂದು ಹನ್ನೆರಡು ವರ್ಷದವಳಿದ್ದಾಗ ನಾನು ಮುತ್ತಜ್ಜಿಯನ್ನು ಕೇಳಿದ್ದೆ. ಅದು ಅವಳ ಕೊನೆಯ ವರ್ಷ.

"ಬಂತು," ಎಂದಳು. "ಆಮ್ಯಾಲ ಅವರ ಮನಿ ಒಲಿ ನೋಡಿದೆ. ಆರಿತ್ತು. ಒಲಿ ಆರಿದವರ್ನ ಧೈರ್ಯ ಕೇಳಿದ್ದು ನನ್ನ ತಪ್ಪು."

ಆ ಮೂವತ್ತೇಳು ಮನೆಗಳಿಗೇ ಅವಳು ಮೊದಲು ಹೋದಳು. ಹೆಂಗಸರ ಸಂಘ ಕಟ್ಟಿ ಕ್ವಾರಿಯನ್ನೇ ಗುತ್ತಿಗೆ ಹಿಡಿದಳು. ಆ ಹೋರಾಟದಲ್ಲಿ ಎರಡು ಸಲ ಜೈಲಿಗೆ ಹೋದಳು. ಎರಡನೆಯ ಸಲ ಒಳಗಿದ್ದಾಗಲೇ ಫಕೀರವ್ವ ತೀರಿಕೊಂಡಳು, ಮಣ್ಣಿಗೆ ಹೋಗಲೂ ಬಿಡಲಿಲ್ಲ. ಹೊರಬಂದ ಮೇಲೆ ಮೂವತ್ತು ವರ್ಷ ಊರೂರು ತಿರುಗಿ ಉಣ್ಣುಮನೆಯ ಕಾನೂನು ತಂದಳು. ಉಣ್ಣುಮನೆ ಎಂದರೆ ಎಲ್ಲರ ಊಟದ ಮನೆ. ಬಿಸಿ ರೊಟ್ಟಿ, ಪುಂಡಿಪಲ್ಲೆ, ಮಜ್ಜಿಗೆ ಸಿಗುತ್ತದೆ. ಹೆಸರು ಕೇಳುವುದಿಲ್ಲ, ಎಲ್ಲಿ ಕೂರಬೇಕೆಂದು ಯಾರೂ ಹೇಳುವಂತಿಲ್ಲ. ಎಳೆಗೂಸು ಹೊತ್ತವರು, ಪಾಳಿ ಮುಗಿಸಿದ ಗಾಳಿಯಂತ್ರದ ಕೆಲಸದವರು, ಬಯಲಾಟದ ಮೇಳದವರು ಒಂದೇ ಸಾಲಿನಲ್ಲಿ ಉಣ್ಣುತ್ತಾರೆ. ಅಲ್ಲಿ ನಾನು ಐವತ್ತು ವರ್ಷದಿಂದ ಬಡಿಸುತ್ತಿದ್ದೇನೆ. ಈಗ ಅದರ ಸಮಿತಿಯಲ್ಲೂ ಇದ್ದೇನೆ.

ಹೋದ ವರ್ಷ ಸಮಿತಿ ಬಾಗಿಲಿಗೆ ಉಸಿರುಗಂಬ ಇಡಲು ನಿರ್ಧರಿಸಿತು. ಉಸಿರಿನಿಂದಲೇ ಆಳನ್ನು ಗುರುತಿಸಿ ಬಾಗಿಲು ತೆರೆಯುವ ಗಾಜಿನ ಕಂಬ ಅದು. ಎಷ್ಟು ಅಡುಗೆ ಮಾಡಬೇಕೆಂದು ತಿಳಿಯುತ್ತದೆ, ಎಲ್ಲರಿಗೂ ಅನುಕೂಲ ಎಂದರು. ನಾನೂ ಸಹಿ ಹಾಕಿದೆ. ಈ ವಾರ ಕಂಬ ಬಂದು ನಿಂತಿತು.

ಮೊನ್ನೆ ಹನುಮೇಶ ಬಂದ. ಎದೆಯ ತುಂಬ ಕಲ್ಲಿನ ಧೂಳು ತುಂಬಿಕೊಂಡ ಹಳೆಯ ಕ್ವಾರಿ ಆಳು. ಮೂರು ಸಲ ಊದಿದ. ಕಂಬ ಗುರುತಿಸಲಿಲ್ಲ, ಬಾಗಿಲು ತೆರೆಯಲಿಲ್ಲ. ಅವನು ಟವೆಲ್ ಸರಿಮಾಡಿಕೊಂಡು ಹೊರಟುಹೋದ. ಸೌಟು ಹಿಡಿದು ಒಳಗೆ ನಿಂತಿದ್ದ ನಾನು ಕೂಗಿ ಕರೆಯಲಿಲ್ಲ.

ನಿನ್ನೆ ರೊಟ್ಟಿ ಕಟ್ಟಿಕೊಂಡು ಅವನ ಮನೆಗೆ ಹೋದೆ. ಮುಟ್ಟಲಿಲ್ಲ.

"ಮನಿಗೆ ತಂದ್ರ ಅದು ಭಿಕ್ಷಾ ಆಕ್ಕೈತಿ, ಚಂಪಕ್ಕ," ಎಂದ. "ನನ್ನ ಜಾಗ ಅಲ್ಲೈತಿ."

ಇಂದು ಬೆಳಿಗ್ಗೆ ಸಹಿ ಹಿಂತೆಗೆದುಕೊಂಡೆ. ಕಂಬದ ಮುಂದೆ ನಾನೂ ಹನುಮೇಶನೂ ಕೂತಿದ್ದೇವೆ, ಇಲ್ಲಿಂದಲೇ ಬರೆಯುತ್ತಿದ್ದೇನೆ. ನಾಲ್ಕು ಮಂದಿ ತಟ್ಟೆ ಹಿಡಿದು ಹೊರಬಂದು ನಮ್ಮ ಜೊತೆ ಕೂತರು. ಉಳಿದವರು ತಲೆ ತಗ್ಗಿಸಿ ದಾಟಿ ಹೋದರು. ಮೊನ್ನೆ ನಾನೂ ಅವರಲ್ಲೊಬ್ಬಳು. ಮಧ್ಯಾಹ್ನ ಸಮಿತಿ ಸೇರುತ್ತದೆ. ಏನಾಗುವುದೋ ಗೊತ್ತಿಲ್ಲ.

ಹಿರಿಯರೇ, ಒಂದೇ ಕೋರಿಕೆ. ಎಲ್ಲರ ಅನುಕೂಲಕ್ಕೆ ಎಂದು ಯಾರಾದರೂ ನಿಮ್ಮ ಮುಂದೆ ಕಾಗದ ಇಟ್ಟರೆ, ಇದರಿಂದ ಹೊರಗೆ ಉಳಿಯುವವರು ಯಾರು ಎಂದು ಕೇಳಿ. ನಾನು ಕೇಳಲಿಲ್ಲ.

ನಿಮ್ಮ
ಚಂಪಾವತಿ