ಶರೀಫಾಬಿ ಹಾಕದ ಬೀಗ

೮ ಜೂನ್ ೧೯೯೩, ಮಂಗಳವಾರ

ಬಂದ ಕೂಡಲೇ ಅದೇ ಹಣೆಬರಹ. ಚೌಡಾಪುರದ ತೊಗರಿ ಬೀಜದ ರಿಪೋರ್ಟ್ ಪ್ರಿಂಟಿಗೆ ಕೊಟ್ಟೆ — ಪರ್ಮಿಷನ್ ಡಿನೈಡ್ ಎಂದಿತು ಸ್ಕ್ರೀನ್, ಫೈಲ್ ತೆರೆಯಲೇ ಇಲ್ಲ. ಥೂ ಇದರ! ಹೊರಗೆ ಕಟ್ಟೆಯ ಮೇಲೆ ರೈತರು ಬೀಡಿ ಸೇದುತ್ತ ಕಾಯುತ್ತಿದ್ದಾರೆ. ಮೊಳಕೆ ಸರಿಯಿದೆ ಎಂಬ ಕಾಗದ ಸಿಗದೆ ಸಂಘದ ಗೋದಾಮಿನಿಂದ ಬೀಜ ಎತ್ತುವ ಹಾಗಿಲ್ಲ.

ಬೀಜ ಪರೀಕ್ಷೆ ಕೋಣೆಗೆ ಹೋಗಿ ಶರೀಫಾಬಿಗೆ ಹೇಳಿದೆ. ಕಂಪ್ಯೂಟರ್ ಮಶಿನ್ ಒಂದೇ, ಅದಕ್ಕೆ ಜೋಡಿಸಿದ ಟರ್ಮಿನಲ್ ಮಾತ್ರ ಅವಳಿಗೊಂದು, ನನಗೊಂದು. ಸಂಜೆ ಅವಳು ಟೈಪ್ ಮಾಡಿಟ್ಟದ್ದನ್ನು ಬೆಳಿಗ್ಗೆ ನಾನು ನನ್ನ ಟರ್ಮಿನಲ್ಲಿನಿಂದ ಪ್ರಿಂಟ್ ತೆಗೆಯಬೇಕು. ಫೈಲ್ ಅವಳದು, ಅವಳೇ ಬಿಡಿಸಿಕೊಡಬೇಕು. ಬಿಡಿಸಿಕೊಟ್ಟಳು.

"ನಾ ಏನೂ ಬಂದ್ ಮಾಡಿಲ್ರಿ ಅಕ್ಕಾ. ಖರೇ."

ಸೇರಿ ಒಂದು ವಾರ ಆಯಿತು. ನಮ್ಮೂರು ನಿಂಬರ್ಗಾದವಳೇ. ಕೆಲಸಕ್ಕೆ ತಗೊಳ್ಳಿ ಎಂದು ಮ್ಯಾನೇಜರ್ ಸಾಹೇಬರ ಬೆನ್ನು ಹತ್ತಿದವಳು ನಾನು. ಬಸ್ಸಿನಲ್ಲಿ ಜೊತೆಗೇ ಬರುತ್ತೇವೆ, ಜೊತೆಗೇ ಹೋಗುತ್ತೇವೆ.

೧೧ ಜೂನ್, ಶುಕ್ರವಾರ

ದಿನಾ ಹೀಗೇ. ಇವತ್ತು ಮ್ಯಾನೇಜರ್ ದೌಲತರಾಯ ಸಾಹೇಬರು ಒಳಗೆ ಕರೆದರು.

"ಶಿವಕಾಂತಾಬಾಯಿ, ಆ ಹುಡುಗಿ ಬೇಕಂತ್ಲೇ ಫೈಲ್ ಮುಚ್ಚಿ ಇಡಾಕತ್ಯಾಳ. ತಾ ಇಲ್ದಿದ್ರ ಆಫೀಸೇ ನಡೀಬಾರ್ದು ಅಂತ."

"ಹಂಗೇನಿಲ್ರಿ ಸಾಹೇಬ್ರ. ಮಶಿನ್‌ದಾಗ ಏನರ ಇರಬೇಕ್ರಿ."

"ನಿಮ್ಮ ಫೈಲಿಗೆ ಯಾಕ ಹಂಗ ಆಗವಲ್ದು ಮತ್ತ?"

೨೧ರ ಸೋಮವಾರದ ತನಕ ನೋಡುತ್ತಾರಂತೆ. ಅಷ್ಟರಲ್ಲಿ ಸರಿಹೋಗದಿದ್ದರೆ ಅವಳನ್ನು ಮನೆಗೆ ಕಳಿಸುತ್ತಾರಂತೆ.

ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಅವಳ ಕೈಯಲ್ಲಿನ ರೊಟ್ಟಿ ಹಾಗೇ ಉಳಿಯಿತು. "ಹಿಂಗ ಹೆಸರು ಕೆಡಿಸ್ಕೊಂಡು ಹೋದ್ರ ನಮ್ಮ ಅಣ್ಣಗೋಳು ಮತ್ತ ಹೊಸ್ತಿಲ ದಾಟಾಕ ಬಿಡಂಗಿಲ್ರಿ ಅಕ್ಕಾ. ಮೊದ್ಲೇ ಬ್ಯಾಡ ಅಂತಿದ್ರು..."

೧೪ ಜೂನ್, ಸೋಮವಾರ

ಸಿಕ್ಕಿತು! ಸಿಕ್ಕಿತು!

ಭಾನುವಾರವೆಲ್ಲ ಮ್ಯಾನ್ಯುಅಲ್ ಹಿಡಿದು ಕೂತಿದ್ದೆ. ಹೈದರಾಬಾದಿನ ಟ್ರೇನಿಂಗಿನಲ್ಲಿ ಕೊಟ್ಟದ್ದು. ಯುಮಾಸ್ಕ್ ಅಂತ ಒಂದಿದೆ. ಹೊಸ ಫೈಲ್ ಹುಟ್ಟುವಾಗಲೇ ಅದನ್ನು ಯಾರು ಓದಬಹುದು, ಯಾರು ಓದಬಾರದು ಎಂದು ಇದರ ನಂಬರ್ ಹೇಳುತ್ತದೆ. ಒಬ್ಬೊಬ್ಬರ ಹೆಸರಿನ ಸೆಟ್ಟಿಂಗ್ ಬರೆದಿಟ್ಟ ಫೈಲಿಗೆ ಪ್ರೊಫೈಲ್ ಅನ್ನುತ್ತಾರೆ. ನನ್ನ ಪ್ರೊಫೈಲಿನಲ್ಲಿ ೦೨೨, ಅಂದರೆ ಎಲ್ಲರೂ ಓದಬಹುದು. ಶರೀಫಾಳ ಪ್ರೊಫೈಲಿನಲ್ಲಿ ೦೭೭. ಅವಳೊಬ್ಬಳನ್ನು ಬಿಟ್ಟು ಯಾರೂ ನೋಡುವ ಹಾಗಿಲ್ಲ. ಹೊಸ ಟರ್ಮಿನಲ್ ಕೂರಿಸಲು ಬಂದ ಇಂಜಿನಿಯರ್, ನಮ್ಮ ಮ್ಯಾನೇಜರ್ ಸಾಹೇಬರ ಪ್ರೊಫೈಲನ್ನೇ ಅವಳಿಗೆ ಕಾಪಿ ಮಾಡಿ ಹೋಗಿದ್ದಾನೆ. ಸಾಹೇಬರದು ಖಾಸಗಿ ಇರಲಿ, ಪರವಾಗಿಲ್ಲ. ಇವಳಿಗೆ ಯಾಕೆ?

ಅವಳ ಪಾಸ್‌ವರ್ಡ್ ಕೇಳಿಕೊಂಡು ನನ್ನ ಟರ್ಮಿನಲ್ಲಿನಿಂದಲೇ ಅವಳ ಹೆಸರಲ್ಲಿ ಲಾಗಿನ್ ಆದೆ. ಪ್ರೊಫೈಲಿನಲ್ಲಿ ೦೨೨ ಬರೆದೆ. ಹೊರಗೆ ಬಂದು, ಮತ್ತೆ ಅವಳ ಹೆಸರಲ್ಲಿ ಒಳಗೆ ಹೋಗಿ ಹೊಸ ಫೈಲ್ ಮಾಡಿದೆ. ನನ್ನ ಹೆಸರಲ್ಲಿ ತೆರೆದೆ — ತೆರೆಯಿತು! ಬಸ್ ಸ್ಟ್ಯಾಂಡ್ ಮುಂದೆ ಇಬ್ಬರೂ ಚುರುಮುರಿ ಸುಸಲಾ, ಮಿರ್ಚಿ ಭಜಿ ತಿಂದೆವು. ಅವಳ ನಗು ನೋಡಿಯೇ ಹೊಟ್ಟೆ ತುಂಬಿತು.

೧೫ ಜೂನ್

ಮತ್ತೆ ಮುಚ್ಚಿದೆ. ನಿನ್ನೆ ಸಂಜೆಯ ಫೈಲ್.

೧೬ ಜೂನ್, ಬುಧವಾರ

ಇವತ್ತೂ. ನನ್ನ ಟರ್ಮಿನಲ್ಲಿನಿಂದ ಅವಳ ಹೆಸರಲ್ಲಿ ಮಾಡಿ ನೋಡಿದೆ, ತೆರೆಯುತ್ತದೆ. ಅವಳು ಕೂತು ಮಾಡಿದರೆ ಮಾತ್ರ ಮುಚ್ಚುತ್ತದೆ. ಮಶಿನ್ ಸರಿ ಇದೆ. ಹಾಗಾದರೆ...

ತಡೆಯಲಾಗಲಿಲ್ಲ. "ಯಾಕ್ ಬೇ ಶರೀಫಾ, ಸಂಜೀಕ ಕುಂತು ಖರೇನೇ ಏನ್ ಮಾಡ್ತಿ ನೀ?" ಅಂದೆ.

ಕಣ್ಣು ತುಂಬಿಕೊಂಡಳು. "ಏನೂ ಮಾಡಂಗಿಲ್ರಿ ಮೇಡಮ್."

ಮೇಡಮ್! ಬಸ್ಸಿನಲ್ಲಿ ಮುಂದಿನ ಸೀಟಿಗೆ ಹೋಗಿ ಕೂತಳು. ನನಗೆ ಅನ್ನ ಸೇರಲಿಲ್ಲ.

೧೯ ಜೂನ್, ಶನಿವಾರ, ಮಧ್ಯಾಹ್ನ

ಈ ಸಲ ನಿಜವಾಗಿ ಸಿಕ್ಕಿತು!

ಅವಳು ಊಟಕ್ಕೆ ಎದ್ದಾಗ ಅವಳ ಟರ್ಮಿನಲ್ಲಿಗೆ ಹೋಗಿ ಕೂತೆ. ಇಷ್ಟು ದಿನ ನನಗೆ ಇದೇ ಹೊಳೆದಿರಲಿಲ್ಲ, ಎಲ್ಲ ಪರೀಕ್ಷೆಯೂ ನನ್ನ ಕುರ್ಚಿಯಿಂದಲೇ! ಬರೀ ಯುಮಾಸ್ಕ್ ಎಂದು ಹೊಡೆದೆ. ೦೭೭ ಎಂದು ತೋರಿಸಿತು. ಅರೆ! ಪ್ರೊಫೈಲ್ ತೆಗೆದು ನೋಡಿದೆ, ಅಲ್ಲಿ ೦೨೨ ಹಾಗೇ ಇದೆ. ಈಗ ಒಳಗಿರುವವರು ಯಾವಾಗ ಲಾಗಿನ್ ಆದವರು ಎಂದು ಮಶಿನ್ನಿಗೆ ಕೇಳಿದೆ. ನನ್ನ ಹೆಸರಿನ ಮುಂದೆ ಇವತ್ತಿನ ಬೆಳಿಗ್ಗೆ. ಅವಳ ಹೆಸರಿನ ಮುಂದೆ ಜೂನ್ ೧.

ಪ್ರೊಫೈಲನ್ನು ಮಶಿನ್ ಓದುವುದು ಲಾಗಿನ್ ಆಗುವಾಗ ಮಾತ್ರ. ಈ ಪುಣ್ಯಾತ್ಗಿತ್ತಿ ಸೇರಿದ ದಿನ ಒಳಗೆ ಹೋದವಳು ಹೊರಗೇ ಬಂದಿಲ್ಲ! ನಾನು ತಿದ್ದಿದ್ದು ಅವಳಿಗೆ ಮುಟ್ಟೇ ಇಲ್ಲ.

ಕೂಗಿ ಕರೆದೆ. "ಶರೀಫಾ, ಮನೀಗಿ ಹೋಗುಮುಂದ ಲಾಗ್ ಔಟ್ ಮಾಡಂಗಿಲ್ಲೇನ್ ನೀ?"

"ಎಲ್ಲೀದ್ರಿ! ಬಟ್ಟಿ ಹೊಚ್ಚಿ ಹೋಗ್ತೇನಿ. ಸಾಹೇಬ್ರೇ ಹೇಳ್ಯಾರಲ್ರೀ ಆರಿಸಬ್ಯಾಡ ಅಂತ."

ನೆನಪಾಯಿತು. ಹೊಸ ಟರ್ಮಿನಲ್ ಬಂದ ದಿನ ಸಾಹೇಬರು ಕಾಯಿ ಒಡೆದು, ಕುಂಕುಮ ಹಚ್ಚಿ, "ಇದು ಹಚ್ಚಿದ ದೀಪ ಅದ, ಯಾರೂ ಆರಿಸಬ್ಯಾಡ್ರಿ" ಅಂದಿದ್ದರು. ಕರೆಂಟ್ ಹೋದರೂ ಮಶಿನ್ ನಿಲ್ಲಬಾರದೆಂದು ಪಕ್ಕದ ದಾಲ್ ಮಿಲ್ಲಿನ ಜನರೇಟರಿನಿಂದ ವೈರ್ ಬೇರೆ ಎಳೆಸಿದ್ದಾರೆ. ಅವರು ಹೇಳಿದ್ದು ಸ್ವಿಚ್ಚಿಗೆ. ಲಾಗ್ ಔಟ್ ಮಾಡಿದರೂ ದೀಪ ಆರಿದ ಹಾಗೆ ಎಂದು ಇವಳು ತಿಳಿದಿದ್ದಾಳೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವಳು ನಗಲಿಲ್ಲ.

ಸಾಹೇಬರನ್ನು ಕರೆತಂದು ಸ್ಕ್ರೀನ್ ತೋರಿಸಿದೆ.

"ಅಂದ್ರ... ನಾ ಹೇಳಿದ್ಕ ಇಷ್ಟೆಲ್ಲಾ ಆಗ್ಯದ?"

"ಹೌದ್ರಿ. ಆ ೦೭೭ ನಂಬರೂ ನಿಮ್ಮ ಪ್ರೊಫೈಲಿಂದೇ ರೀ."

ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಆರಸವ್ವ, ಆರಸು ತಂಗಿ. ನಾನೇ ಹೇಳಾಕತ್ತೇನಿ."

ಶರೀಫಾ ಬಿಸ್ಮಿಲ್ಲಾ ಅಂದು, ಕಣ್ಣು ಮುಚ್ಚಿ ಲಾಗ್ ಔಟ್ ಕೊಟ್ಟಳು. ಸ್ಕ್ರೀನ್ ಖಾಲಿಯಾಗಿ ಲಾಗಿನ್ ಎಂದು ಮತ್ತೆ ಮೂಡಿತು. ಒಂದೇ ಕಣ್ಣು ತೆರೆದು ನೋಡಿದಳು.

"ಆರಲೇ ಇಲ್ಲಲ್ರೀ!"

ಸಾಹೇಬರು ಎಲ್ಲರಿಗೂ ಚಹಾ ತರಿಸಿದರು. ಕುಡಿಯುವಾಗ ಅವಳಿಗೆ ಮೆಲ್ಲಗೆ ಹೇಳಿದೆ, "ನಂದು ತಪ್ಪಾತು ಬೇ, ನಿನ್ನ ಮ್ಯಾಲ ಅನುಮಾನ ಪಟ್ಟೆ."

"ಇರ್ಲಿ ಬಿಡ್ರಿ ಮೇಡಮ್."

ಇನ್ನೂ ಮೇಡಮ್.

೨೧ ಜೂನ್, ಸೋಮವಾರ, ಬೆಳಿಗ್ಗೆ

ಶನಿವಾರ ಸಂಜೆ ಅವಳು ಟೈಪ್ ಮಾಡಿದ ಜೇವರ್ಗಿ ರಿಪೋರ್ಟ್. ಪ್ರಿಂಟ್ ಕೊಟ್ಟೆ.

ಪ್ರಿಂಟರ್ ಗರಗರ ಅಂತು! ಯಾರನ್ನೂ ಕರೆಯಲಿಲ್ಲ, ಏನನ್ನೂ ಬಿಡಿಸಲಿಲ್ಲ. ಅಬ್ಬಾ, ಉಸಿರು ಬಂತು. ಕಾಗದ ಹರಿದು ಸಾಹೇಬರ ಮೇಜಿನ ಮೇಲೆ ಇಟ್ಟೆ. ಓದಿ ಸಹಿ ಹಾಕಿ, "ಆ ಹುಡುಗೀಗಿ ಹೇಳ್ರಿ, ನಾಳಿಂದ ಜರಾ ಜಲ್ದಿ ಬಾ ಅಂತ. ಬಿತ್ತೂ ಟೈಮ್, ಕೆಲಸ ಭಾಳ ಅದ" ಅಂದರು. ಮನೆಗೆ ಕಳಿಸುವ ಮಾತೇ ಇಲ್ಲ. ಹೋಗಿ ಹೇಳಿದೆ. ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ.

ಅದೇ ದಿನ, ಸಂಜೆ

ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಚೀಲದಿಂದ ಈ ಡೈರಿ ತೆಗೆದೆ. ಪರೀಕ್ಷೆ ಕೋಣೆಯಲ್ಲಿ ಲಾಗ್ ಔಟ್ ಮಾಡುತ್ತಿದ್ದಾಳೆ, ಬಿಸ್ಮಿಲ್ಲಾ ಇಲ್ಲಿಗೂ ಕೇಳಿಸಿತು. ಟರ್ಮಿನಲ್ಲಿಗೆ ಬಟ್ಟೆ ಹೊಚ್ಚಿದಳು. ಈಗ ಬಾಗಿಲಿಗೆ ಬಂದು ನಿಂತಿದ್ದಾಳೆ, ಚಪ್ಪಲಿ ಮೆಟ್ಟಿಕೊಂಡು.

"ಅಲ್ರೀ, ಏನ್ ಬರೀತೀರಿ ಇಷ್ಟೊತ್ತು? ನಿಮ್ಮ ಸೀಟ್ ಹಿಡಿಯಾಕ ನಾ ಮುಂದ ಓಡ್ಬೇಕೇನು? ಜಲ್ದಿ ಬರ್ರಿ ಅಕ್ಕಾ!"

ಅಕ್ಕಾ ಅಂದಳು. ಬಂದೆ ಬೇ, ಈ ಸಾಲೊಂದು—